ಮೆತ್ತೆ ಮಾವನ ಎಂದಿನ ಸ್ವಭಾವ

ಬೆಳಿಗ್ಗೆ ಏಳು ಗಂಟೆಗೆ ಮೆತ್ತೆ ಮಾವನ ಕನ್ನಡಕ ಮೆತ್ತೆ ಮಾವನ ಕೈಗೇ ಸಿಕ್ಕಿತು. ಏಳೂ ಕಾಲಿಗೆ ಅವರ ಹೆಂಡತಿ ತಮ್ಮನಿಗೆ ಫೋನ್ ಮಾಡಿ ಅತ್ತರು.

ಈ ಎರಡು ಘಟನೆಗಳಿಗೆ ಸಂಬಂಧವಿದೆ. ಅದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೆತ್ತೆ ಮಾವ ಎಂಬುದು ಬೀದಿಯವರು ಇಟ್ಟ ಹೆಸರು. ಅವರ ಮನೆ ಮೇಲೆ, ಕುಶನ್ ಅಂಗಡಿ ಕೆಳಗೆ. ಹರಿದ ಸೋಫಾ, ಕುಸಿದ ಕುರ್ಚಿ, ಸ್ಪ್ರಿಂಗ್ ಹೊರಗೆ ಇಣುಕುವ ದಿವಾನ, ಏನೇ ಬಂದರೂ ಬಿಚ್ಚಿ, ತುಂಬಿ, ಹೊಲಿದು ಹೊಸದರಂತೆ ಮಾಡಿ ಕಳಿಸುತ್ತಿದ್ದರು. ಈ ಕೆಲಸದಲ್ಲಿ ಅವರದು ಎತ್ತಿದ ಕೈ. ಆ ಎತ್ತಿದ ಕೈಯಲ್ಲಿದ್ದ ಕತ್ತರಿ ಆಮೇಲೆ ಎಲ್ಲಿಗೆ ಹೋಯಿತು ಎಂಬುದು ಮಾತ್ರ ಅವರಿಗೆ ತಿಳಿಯುತ್ತಿರಲಿಲ್ಲ. ಹೆಚ್ಚಾಗಿ ಅದು ಫೋಮಿನ ಜೊತೆ ರೆಕ್ಸಿನ್ ಒಳಗೆ ಸೇರಿ ಹೊಲಿಗೆಯಾಗಿರುತ್ತಿತ್ತು. ಬೀದಿಯ ಅರ್ಧ ಸೋಫಾಗಳಲ್ಲಿ ಅವರ ಕತ್ತರಿಗಳಿದ್ದವು. ಉಳಿದರ್ಧದಲ್ಲಿ ಅವರ ಕನ್ನಡಕಗಳು. ಯಾರೂ ದೂರುತ್ತಿರಲಿಲ್ಲ. ಕೂತಾಗ ಏನಾದರೂ ಒತ್ತಿದರೆ, ಕೆಲಸ ಮಾವನದೇ ಎಂದು ಗುರುತು ಹಿಡಿದು ನೆಮ್ಮದಿಯಿಂದ ಪಕ್ಕಕ್ಕೆ ಸರಿದು ಕೂರುತ್ತಿದ್ದರು.

ಇಂಥ ಮನುಷ್ಯ ಒಂದು ದಿನ ಸಾಧಾರಣವಾದ ಒಂದು ವಿಲ್ ಬರೆಸಬೇಕೆಂದುಕೊಂಡರು. ಅಷ್ಟರಲ್ಲಿ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅಂದು ಅವರು ದಂತವೈದ್ಯರ ಕುರ್ಚಿಗೆ ಹೊಸ ರೆಕ್ಸಿನ್ ಹಾಕಲು ಅಳತೆ ತೆಗೆಯಲು ಹೋಗಿದ್ದರು.

"ವಿಲ್ಲಾ?" ಎಂದರು ದಂತವೈದ್ಯರು, ಕೊಳೆತ ಹಲ್ಲು ಕಂಡವರ ಧಾಟಿಯಲ್ಲಿ. "ಈ ಕಾಲದಲ್ಲಿ ವಿಲ್ ಯಾರ್ರೀ ಬರೀತಾರೆ? ನಾವು ಬಾಯಿ ಮುಚ್ಚಿದ ಮೇಲೆ ಅದು ಬಾಯಿ ಬಿಡೋದು. ನಂದೆಲ್ಲ ಟ್ರಸ್ಟಲ್ಲಿದೆ."

ಮಾವ ಅಳತೆ ಮರೆತು ಮನೆಗೆ ಬಂದರು. ಆದರೆ ಆ ವಾಕ್ಯವನ್ನು ಮರೆಯಲಿಲ್ಲ.

"ನಮ್ದೆಲ್ಲ ಟ್ರಸ್ಟಲ್ಲಿಡೋಣ," ಎಂದರು ಹೆಂಡತಿಗೆ. ಮಾವನ ಹೆಂಡತಿಯಾದ್ದರಿಂದ ಬೀದಿಗೆಲ್ಲ ಅವರು ಅತ್ತೆ.

"ನಮ್ದೆಲ್ಲ ಅಂದ್ರೆ ಯಾವ್ದು? ಒಂದು ಮನೆ, ಒಂದು ಹೊಲಿಗೆ ಮಿಷಿನ್ನು."

"ಅದೇ ಎಲ್ಲ."

ವಕೀಲರ ಕಚೇರಿಗೆ ಅವರನ್ನು ಕರೆದುಕೊಂಡು ಹೋದವನು ಅತ್ತೆಯ ತಮ್ಮ. ಭಾಮೈದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ. ಅವನ ಕಾರಿನಲ್ಲಿ ಅವನ ಕಾಲ ಬುಡಕ್ಕೂ ಒಂದು ಬ್ರೇಕ್ ಇತ್ತು. ವರ್ಷಗಟ್ಟಲೆ ಅದನ್ನು ತುಳಿದ ಅಭ್ಯಾಸದಿಂದ, ಯಾರಾದರೂ ತನಗೆ ಹಿಡಿಸದ ಮಾತು ಆಡಿದರೆ ಕುಳಿತಲ್ಲೇ ನೆಲವನ್ನು ಬಲಗಾಲಲ್ಲಿ ಒತ್ತಿಹಿಡಿಯುತ್ತಿದ್ದ. ಸ್ಕೂಲಿಗೆ ಕಾರಿತ್ತು, ಬೋರ್ಡಿತ್ತು, ಕಚೇರಿ ಇರಲಿಲ್ಲ. ಭಾವನ ಅಂಗಡಿಯ ಮೇಲೆ ಅವನ ಕಣ್ಣಿತ್ತು. ಅಂದು ಕಾರು ಓಡಿಸಿದ್ದು ಕಲಿಯುತ್ತಿದ್ದ ಒಬ್ಬ ಗುಮಾಸ್ತರು. ಪ್ರಯಾಣ ಮುಗಿದಾಗ ಅತ್ತೆ, "ವಿಲ್ ಬರೆಸಿಯೇ ಗಾಡಿ ಹತ್ತಬೇಕಿತ್ತು" ಎಂದರು.

ವಕೀಲರು ಸಾವಕಾಶವಾಗಿ ವಿವರಿಸಿದರು. ವಿಲ್ ಜಾರಿಗೆ ಬರುವುದು ಬರೆದವರು ತೀರಿಕೊಂಡ ಮೇಲೆ. ಟ್ರಸ್ಟ್ ಹಾಗಲ್ಲ, ಸಹಿ ಬಿದ್ದ ದಿನದಿಂದಲೇ. ಆಸ್ತಿ ಟ್ರಸ್ಟಿನದು, ನೋಡಿಕೊಳ್ಳುವ ಟ್ರಸ್ಟಿ ತಾವೇ, ಅನುಭವಿಸುವವರೂ ತಾವೇ. ತಮ್ಮ ನಂತರ ಹೆಂಡತಿಗೆ, ಅವರ ನಂತರ ಮಗಳಿಗೆ.

"ಅಂದ್ರೆ ನನ್ನ ಮನೇನ ನಾನು ನನಗೇ ಕೊಟ್ಟು, ನಾನೇ ಕಾಯ್ಕೊಂಡು, ನಾನೇ ಅದರಲ್ಲಿ ಇರೋದು," ಎಂದರು ಮಾವ.

"ಸರಿಯಾಗಿ ಹೇಳಿದ್ರಿ."

"ಈಗಲೂ ಹಾಗೇ ಇದ್ದೀನಲ್ಲ?"

"ಈಗ ಪತ್ರ ಇಲ್ಲ," ಎಂದರು ವಕೀಲರು. "ಮುಂದೆ ನಿಮಗೆ ಕೈಲಾಗದೇ ಹೋದ್ರೆ ನಿಮ್ಮ ಜಾಗಕ್ಕೆ ಬರೋ ಟ್ರಸ್ಟಿ ಯಾರು?"

ಮಾವನ ಮನಸ್ಸಿನಲ್ಲಿ ಹೆಂಡತಿಯ ಹೆಸರಿತ್ತು. ಆದರೆ ಭಾಮೈದ ಎದುರಿಗೇ ಕೂತಿದ್ದ. ಬೇಡವೆಂದರೂ ಕಾರು ತಂದಿದ್ದ, ಕಚೇರಿಯ ಬಾಗಿಲು ತಾನೇ ತೆರೆದಿದ್ದ, ಈಗ ಕೊರಳು ಚಾಚಿ ನಗುತ್ತಿದ್ದ. ಎದುರಿಗೆ ಕೂತವನನ್ನು ಬಿಟ್ಟು ಇನ್ನೊಬ್ಬರ ಹೆಸರು ಹೇಳುವುದು ಹೇಗೆ? ದಾಕ್ಷಿಣ್ಯಕ್ಕೆ ಸಿಕ್ಕಿ ಮನೆ ಕಳೆದುಕೊಂಡವರುಂಟು. ಮಾವ ಅದನ್ನು ಬರವಣಿಗೆಯಲ್ಲಿಯೇ ಮಾಡಿದರು.

"ಇವನೇ ಇದ್ದಾನಲ್ಲ," ಎಂದರು.

"ಅಯ್ಯೋ, ನಾನ್ಯಾಕೆ ಭಾವ?" ಎಂದ ಭಾಮೈದ, ತನ್ನ ಪೂರ್ಣ ಹೆಸರನ್ನು ವಕೀಲರಿಗೆ ನಿಧಾನವಾಗಿ ಹೇಳುತ್ತ.

ವಕೀಲರು ಷರತ್ತು ಓದಿದರು. ಬರೆದವರು ಮರೆವು ಹೆಚ್ಚಿ, ವಸ್ತುಗಳನ್ನು ಎಲ್ಲಿಟ್ಟರೆಂದು ತಿಳಿಯದೆ, ದಿನ ವಾರಗಳ ಗುರುತು ತಪ್ಪಿದರೆ, ಕುಟುಂಬದ ಇಬ್ಬರು ದೂರು ಕೊಟ್ಟು, ವೈದ್ಯರು ಅದನ್ನು ದೃಢಪಡಿಸಿದ ಕೂಡಲೇ ಅಧಿಕಾರವೆಲ್ಲ ಎರಡನೆಯ ಟ್ರಸ್ಟಿಗೆ ಹೋಗತಕ್ಕದ್ದು.

ಭಾಮೈದನ ಮುಖ ಅರಳಿತು. ಅದೇ ಹೊತ್ತಿಗೆ ಹೊರಗೆ ಹಾರನ್ ಕೇಳಿಸಿತು. ಗುಮಾಸ್ತರು ಕಾರನ್ನು ಗೇಟಿಗೆ ಅಡ್ಡ ನಿಲ್ಲಿಸಿ ಮುಂದಕ್ಕೂ ಬರಲಾರದೆ ಹಿಂದಕ್ಕೂ ಹೋಗಲಾರದೆ ಕೂತಿದ್ದರು. ಭಾಮೈದ ಎದ್ದು ಓಡಿದ. ಮಾವ ಕೂತ ಕುರ್ಚಿ ಕಿರ್ ಎಂದಿತು. ಯಾವ ಸ್ಪ್ರಿಂಗ್ ಎಂದು ನೋಡಲು ಅವರು ಕುರ್ಚಿಯ ಕೆಳಗೆ ತಲೆ ಹಾಕಿದರು.

ಹೀಗಾಗಿ ಆಮೇಲೆ ನಡೆದ ಮಾತು ಕೇಳಿಸಿದ್ದು ಇಬ್ಬರಿಗೆ ಮಾತ್ರ.

"ಸ್ವಾಮಿ, ಹಾಗೆ ಬರೀಬೇಡಿ," ಎಂದರು ಅತ್ತೆ. "ಹಾಗೆ ಬರೆದ್ರೆ ಸಹಿ ಹಾಕೋಕೆ ಮುಂಚೆನೇ ಇವರ ಅಧಿಕಾರ ಹೋಗುತ್ತೆ. ಇವರು ಹುಟ್ಟಿದಾಗಿಂದ ಹಾಗೇ."

ವಕೀಲರು ಯೋಚಿಸಿದರು. ಮೇಜಿನ ಕೆಳಗೆ ಕಾಣುತ್ತಿದ್ದ ಕಕ್ಷಿದಾರರ ಕಾಲುಗಳನ್ನು ನೋಡಿದರು. ಅತ್ತೆಯ ಮಾತಿನಲ್ಲಿ ಸತ್ಯಾಂಶವಿದೆ ಎನ್ನಿಸಿತು. ಷರತ್ತನ್ನು ತಿದ್ದಿದರು: ಬರೆದವರ ನಡವಳಿಕೆ ಅವರ ಎಂದಿನ ಸ್ವಭಾವಕ್ಕೆ ವಿರುದ್ಧವಾಗಿ ಬದಲಾದರೆ. ಆಮೇಲೆ ಉಳಿದ ಪುಟಗಳನ್ನೂ ನಿಯಮದ ಪ್ರಕಾರ ಗಟ್ಟಿಯಾಗಿ ಓದಿದರು. ಮಾವ ಕೆಳಗಿನಿಂದ "ಹೂಂ, ಹೂಂ" ಎನ್ನುತ್ತಿದ್ದರು. ಅದು ಸ್ಪ್ರಿಂಗಿಗೆ ಹೇಳಿದ ಹೂಂ.

ಮಾವ ಮೇಲೆ ಬಂದು, ತೋರಿಸಿದ ಕಡೆಯೆಲ್ಲ ಸಹಿ ಹಾಕಿದರು. ತೋರಿಸದ ಒಂದು ಕಡೆಯೂ ಹಾಕಿದರು. ಪತ್ರವನ್ನು ಚೀಲದಲ್ಲಿಟ್ಟುಕೊಂಡು ಎದೆಯುಬ್ಬಿಸಿ ಮನೆಗೆ ಬಂದರು.

ಕೆಲವು ದಿನಗಳಲ್ಲೇ ಭಾಮೈದ ಅಂಗಡಿಗೆ ಬಂದ. ಕೈಯಲ್ಲಿ ಅಳತೆ ಟೇಪು.

"ಇಲ್ಲಿ ಕ್ಲಾಸು. ಅಲ್ಲಿ ನನ್ನ ಮೇಜು. ಗೋಡೆ ತುಂಬ ರಸ್ತೆ ಚಿಹ್ನೆ. ಈ ಹೊಲಿಗೆ ಮಿಷಿನ್ ಗುಜರಿಯವನು ತಗೋತಾನಾ ಭಾವ?"

"ನಾನಿನ್ನೂ ಇದ್ದೀನಲ್ಲೋ!"

"ಇದ್ದೀರಿ. ಇರೋದು ನಿಮಗೇ ಎಷ್ಟು ದಿನ ನೆನಪಿರುತ್ತೆ ಅಂತ ನೋಡ್ಬೇಕಷ್ಟೆ. ಷರತ್ತು ಕೇಳಿದ್ರಲ್ಲ?"

ಮಾವ ಕೇಳಿದ್ದರು. ಕೇಳಿದ್ದು ತಿದ್ದುವ ಮುಂಚಿನ ಷರತ್ತು ಎಂಬುದು ಅವರಿಗೂ ಗೊತ್ತಿರಲಿಲ್ಲ, ಭಾಮೈದನಿಗೂ ಗೊತ್ತಿರಲಿಲ್ಲ.

ಅಂದಿನಿಂದ ಮಾವ ಬದಲಾದರು. ಕತ್ತರಿಗೆ ದಾರ ಕಟ್ಟಿ ಸೊಂಟಕ್ಕೆ ಬಿಗಿದುಕೊಂಡರು. ಕನ್ನಡಕಕ್ಕೆ ಒಂದು ಮೊಳೆ, ಛತ್ರಿಗೆ ಒಂದು ಮೊಳೆ, ಬೀಗದ ಕೈಗೆ ಒಂದು ಮೊಳೆ ಹೊಡೆದರು. ಬೆಳಿಗ್ಗೆ ಎದ್ದ ಕೂಡಲೇ ದಿನ, ವಾರ, ತಿಂಗಳು ಬಾಯಿಪಾಠ ಒಪ್ಪಿಸಿದರು. ಒಂದೇ ಒಂದು ವಿಷಯ ಅವರನ್ನು ಒಳಗೇ ಕೊರೆಯುತ್ತಿತ್ತು: ಟ್ರಸ್ಟ್ ಪತ್ರ ಎಲ್ಲಿಟ್ಟೆ? ಆದರೆ ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳುವ ಹಾಗಿರಲಿಲ್ಲ. ಕೇಳಿದರೆ ಅಂಗಡಿ ಹೋಯಿತು.

ಬೀದಿಯಲ್ಲಿ ಮೊದಲು ಗಾಬರಿಯಾದವಳು ಇಸ್ತ್ರಿ ಅಂಗಡಿಯಾಕೆ. ಅವಳ ಸೋಫಾ ಹೇಳಿದ ದಿನಕ್ಕೆ ಬಂತು. ಅವಳ ಮನೆಗೇ ಬಂತು.

"ಮಾವ, ಇದು ನಂದೇನಾ?"

"ನಿಂದೇ ಕಣಮ್ಮ."

"ಮೊನ್ನೆ ಮೊನ್ನೆವರೆಗೂ ನಂದು ಮೂಲೆ ಮನೆಗೆ ಹೋಗಿ, ಮೂಲೆ ಮನೇದು ನಮಗೆ ಬಂದು, ನಾವು ನಾವೇ ಬದಲಾಯಿಸ್ಕೋತಿದ್ವಿ. ಆ ನೆಪದಲ್ಲಿ ಒಂದು ಲೋಟ ಟೀ ಆಗ್ತಿತ್ತು." ಅವಳು ಸೋಫಾದ ಮೇಲೆ ಕೂತು ಆ ಕಡೆ ಈ ಕಡೆ ಸರಿದು ನೋಡಿದಳು. ಎಲ್ಲೂ ಏನೂ ಒತ್ತಲಿಲ್ಲ. "ಮಾವ, ಮೈಗೆ ಹುಷಾರಿದೆ ತಾನೆ?"

ಸಂಜೆಯೊಳಗೆ ಸುದ್ದಿ ಬೀದಿ ಸುತ್ತಿತು. ಮಾವ ಚಿಲ್ಲರೆ ಸರಿಯಾಗಿ ಕೊಟ್ಟರಂತೆ. ಮಾವ ಕರೆದ ಹೆಸರು ಕರೆಸಿಕೊಂಡವರದೇ ಆಗಿತ್ತಂತೆ. ದೀಪ ಆರುವ ಮುನ್ನ ಜೋರಾಗಿ ಉರಿಯುತ್ತದೆ ಎಂದರು ತಿಳಿದವರು. ಕಿರಾಣಿಯವರು ಒಂದು ಹೆಜ್ಜೆ ಮುಂದೆ ಹೋಗಿ, ತಮ್ಮ ದೊಡ್ಡಪ್ಪ ಹೋಗುವ ಹಿಂದಿನ ವಾರ ಹೀಗೇ ಪೈಜಾಮದ ಲಾಡಿ ಸರಿಯಾಗಿ ಕಟ್ಟಿಕೊಂಡಿದ್ದರು ಎಂದು ನೆನಪಿಸಿಕೊಂಡರು.

ಅತ್ತೆ ಧೈರ್ಯವಾಗಿದ್ದರು. ಗಂಡ ಸಕ್ಕರೆಯನ್ನೇ ಚಹಾಕ್ಕೆ ಹಾಕಿಕೊಂಡಾಗ ತಡೆದುಕೊಂಡರು. ತಮ್ಮ ಮದುವೆಯ ದಿನವನ್ನು ನೆನಪಿಟ್ಟು ಹೂವು ತಂದಾಗ, ಅಡುಗೆಮನೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಅತ್ತರು. ಕೊನೆಗೆ, ಮೇಲೆ ಹೇಳಿದ ಬೆಳಿಗ್ಗೆ, ಏಳು ಗಂಟೆಗೆ, ಎಂದಿನಂತೆ ಗಂಡನ ಕನ್ನಡಕ ಹುಡುಕಲು ಅವರು ಹಾಸಿಗೆ ಕೊಡವುತ್ತಿದ್ದಾಗ, ಮಾವ ಮೊಳೆಯಿಂದ ಕನ್ನಡಕ ತೆಗೆದು ಹಾಕಿಕೊಂಡು, "ಇಲ್ಲಿದೆ" ಎಂದರು.

ಇಷ್ಟು ವರ್ಷಗಳ ದಾಂಪತ್ಯದಲ್ಲಿ ಅತ್ತೆ ಆ ಮಾತು ಕೇಳಿರಲಿಲ್ಲ.

"ಅವರು ಅವರಾಗಿಲ್ಲ ಕಣೋ!" ಎಂದರು ತಮ್ಮನಿಗೆ ಫೋನಿನಲ್ಲಿ. "ಎಲ್ಲಾ ನೆನಪಿದೆ ಅವರಿಗೆ! ನನಗೆ ಭಯ ಆಗ್ತಿದೆ!"

ಭಾಮೈದ ಮೊದಲು ನೆಲ ಒತ್ತಿಹಿಡಿದ. ಮರೆವಿಗಾಗಿ ಕಾದು ಕೂತವನಿಗೆ ನೆನಪಿನ ದೂರು ಬಂದಿತ್ತು. ವಕೀಲರಿಗೆ ಫೋನ್ ಮಾಡಿದ. ವಕೀಲರು ತಮ್ಮ ಕರಡಿನಿಂದ ಷರತ್ತು ಓದಿದರು. ಭಾಮೈದ ಕಾಲು ಸಡಿಲಿಸಿದ.

"ಅಕ್ಕ, ಅಳಬೇಡ. ಡಾಕ್ಟರ ಹತ್ರ ಕರ್ಕೊಂಡು ಹೋಗೋಣ. ನೀನೊಂದು ಸಹಿ ಹಾಕು, ನಾನೊಂದು ಹಾಕ್ತೀನಿ. ಅವರ ಒಳ್ಳೇದಕ್ಕೇ."

ಅತ್ತೆ ಕಣ್ಣೊರೆಸಿಕೊಂಡು ಸಹಿ ಹಾಕಿದರು. ಗಂಡ ವಾಸಿಯಾಗಲಿ ಎಂಬುದೊಂದೇ ಅವರ ಆಸೆ. ಅಂಗಡಿಯ ವಿಷಯ ಅವರ ತಲೆಯಲ್ಲಿರಲಿಲ್ಲ.

ಡಾಕ್ಟರಮ್ಮನ ಕ್ಲಿನಿಕ್ ಮುಂದಿನ ತಿರುವಿನಲ್ಲಿತ್ತು. ಒಂದು ಮೇಜು, ತೂಕದ ಯಂತ್ರ, ಪರದೆಯ ಹಿಂದೆ ರೋಗಿಗಳನ್ನು ಮಲಗಿಸುವ ಹಸಿರು ರೆಕ್ಸಿನ್ನಿನ ಹಾಸು. ಬೆಳಿಗ್ಗೆ ಹತ್ತರ ಹೊತ್ತಿಗೆ ಒಳಗೆ ಮಾವ, ಅತ್ತೆ, ಭಾಮೈದ. ಹೊರಗೆ ಕಿಟಕಿಗೆ ಅಂಟಿಕೊಂಡು ಇಸ್ತ್ರಿ ಅಂಗಡಿಯಾಕೆ ಮತ್ತು ಕೆಲಸವಿಲ್ಲದ ಬೀದಿ. ತಮ್ಮನ್ನು ಪರೀಕ್ಷೆಗೆ ಕರೆತಂದಿರುವುದು ಮರೆವಿಗೆ ಎಂದೇ ಮಾವ ತಿಳಿದಿದ್ದರು. ಬಾಯಿಪಾಠ ಮಾಡಿಕೊಂಡು ಸಿದ್ಧರಾಗಿದ್ದರು.

"ಇವತ್ತು ಯಾವ ವಾರ?" ಎಂದರು ಡಾಕ್ಟರಮ್ಮ.

ಮಾವ ವಾರ ಹೇಳಿದರು. ತಾರೀಕು ಹೇಳಿದರು. ಕೇಳದಿದ್ದರೂ ಸೂರ್ಯ ಮುಳುಗುವ ಹೊತ್ತು ಹೇಳಿದರು.

"ಅಯ್ಯೋ!" ಎಂದರು ಅತ್ತೆ.

"ನಿಮ್ಮ ಛತ್ರಿ ಎಲ್ಲಿದೆ?"

"ಕೈಯಲ್ಲೇ ಇದೆ."

"ನೋಡಿ ಡಾಕ್ಟ್ರೇ!" ಅತ್ತೆಗೆ ತಡೆಯಲಾಗಲಿಲ್ಲ. "ಇವರ ಕೈಯಲ್ಲಿ ಇವರದೇ ಛತ್ರಿ! ಎಂದಾದ್ರೂ ಕಂಡಿದ್ದೀರಾ?"

ಡಾಕ್ಟರಮ್ಮ ಕಂಡಿರಲಿಲ್ಲ. ತಮ್ಮ ಛತ್ರಿಯನ್ನು ಅವರ ಕೈಯಲ್ಲಿ ಕಂಡಿದ್ದುಂಟು. ಹುಬ್ಬು ಗಂಟಿಕ್ಕಿದರು. ಹೆಂಡತಿ ಬಿಕ್ಕುವುದು, ತಾವು ಸರಿಯುತ್ತರ ಕೊಟ್ಟಷ್ಟೂ ಭಾಮೈದ ಗಂಭೀರವಾಗಿ ತಲೆಯಾಡಿಸುವುದು ಯಾಕೆಂದು ಮಾವನಿಗೆ ಅರ್ಥವಾಗಲಿಲ್ಲ. ಉತ್ತರ ಸಾಲದೇನೋ ಎಂದು ಹತ್ತೊಂಬತ್ತರ ಮಗ್ಗಿ ಶುರುಮಾಡಿದರು. ಕಿಟಕಿಯ ಹೊರಗೆ ಯಾರೋ "ಪಾಪ, ಪೂರ್ತಿ ಹೋಯ್ತು" ಎಂದರು.

"ಬದಲಾವಣೆ ಆಗಿರೋದು ನಿಜ," ಎಂದರು ಡಾಕ್ಟರಮ್ಮ, ಲೆಟರ್‌ಹೆಡ್ ಎಳೆದುಕೊಳ್ಳುತ್ತ. "ಆದ್ರೆ ಷರತ್ತಿನ ಮಾತು ಸರಿಯಾಗಿ ಏನಿದೆ ಅಂತ ಮೂಲ ಪತ್ರ ನೋಡದೆ ನಾನು ಬರೆಯೋದಿಲ್ಲ. ಪತ್ರ ಎಲ್ಲಿದೆ?"

"ಭದ್ರವಾಗಿದೆ," ಎಂದರು ಮಾವ.

"ಅದೇ, ಎಲ್ಲಿ?"

ಮಾವ ಬೆವರಿದರು. ಹತ್ತೊಂಬತ್ತರ ಮಗ್ಗಿಯಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಅವರ ಬೆವರು ಕಂಡು ಡಾಕ್ಟರಮ್ಮ, "ಮೊದಲು ಬಿ.ಪಿ. ನೋಡೋಣ, ಮಲಗಿ" ಎಂದರು.

ಮಾವ ಹಸಿರು ಹಾಸಿನ ಮೇಲೆ ಮಲಗಿದರು. ಹಾಸು ಪಟಪಟ ಎಂದಿತು.

"ಇದೊಂದು ಕರ್ಮ," ಎಂದರು ಡಾಕ್ಟರಮ್ಮ. "ನೀವು ರಿಪೇರಿ ಮಾಡಿದಾಗಿಂದ ಹೀಗೇ. ರೋಗಿಗಳು ಸದ್ದು ತಮ್ಮ ಮೂಳೆಯಿಂದಲೇ ಬರ್ತಿದೆ ಅಂತ ಹೆದರ್ತಾರೆ. ಒಬ್ಬರಿಗೆ ಎಕ್ಸ್‌ರೇ ಕೂಡ ಬರೆದುಕೊಟ್ಟೆ."

ಮಾವ ಏನನ್ನು ಬೇಕಾದರೂ ಸಹಿಸುತ್ತಿದ್ದರು, ಕೆಲಸದ ಮೇಲಿನ ದೂರನ್ನು ಮಾತ್ರ ಸಹಿಸುತ್ತಿರಲಿಲ್ಲ. ಎದ್ದು, ಸೊಂಟದ ಕತ್ತರಿಯಿಂದ ಪಕ್ಕದ ಹೊಲಿಗೆ ಬಿಚ್ಚಿ, ಮೊಣಕೈಯವರೆಗೆ ಕೈ ತೂರಿಸಿದರು. ಮೊದಲು ಡಾಕ್ಟರಮ್ಮನ ಕಳೆದುಹೋದ ಥರ್ಮಾಮೀಟರ್ ಬಂತು. ಆಮೇಲೆ ಒಂದು ಕನ್ನಡಕ. ಆಮೇಲೆ ನಾಲ್ಕು ಮಡಿಕೆಯ ಟ್ರಸ್ಟ್ ಪತ್ರ.

ಸಹಿ ಹಾಕಿದ ಮರುದಿನ ಡಾಕ್ಟರಮ್ಮನಿಗೆ ತೋರಿಸಿ ಜಂಬ ಕೊಚ್ಚಿಕೊಳ್ಳಲು ಅವರು ಅದನ್ನು ಇಲ್ಲಿಗೆ ತಂದಿದ್ದರು. ತೋರಿಸಲು ಮರೆತಿದ್ದರು, ಹೊಲಿಯಲು ಮರೆತಿರಲಿಲ್ಲ.

ಈಗ ಎಲ್ಲ ಮುಗಿಯಿತು ಎಂದು ಮಾವ ಕಣ್ಣು ಮುಚ್ಚಿದರು. ಕಣ್ಣು ಬಿಟ್ಟಾಗ ಅತ್ತೆ ಅವರ ಕೈ ಹಿಡಿದುಕೊಂಡು ಅಳುತ್ತ ನಗುತ್ತಿದ್ದರು.

"ಇವರು ಸರಿಯಾಗಿದ್ದಾರೆ ಡಾಕ್ಟ್ರೇ! ಇವರೇ ನಮ್ಮವರು! ನನ್ನ ದೂರು ವಾಪಸ್ ಕೊಡಿ!"

"ಅದ್ಹೇಗಾಗುತ್ತೆ?" ಭಾಮೈದ ಎದ್ದು ನಿಂತು ಎರಡು ಕಾಲಲ್ಲೂ ಬ್ರೇಕ್ ಒತ್ತಿದ. "ಇದು ಹಳೇ ಎಡವಟ್ಟು ಅಕ್ಕ! ಆಗ ಸರಿಯಾಗಿದ್ರು. ಈಗ ಹೇಗಿದ್ದಾರೆ ಅನ್ನೋದು ಪ್ರಶ್ನೆ. ಈಗಿನ ಸಾಕ್ಷಿ ಎಲ್ಲಿದೆ?"

"ನಿನಗೆ ಭಾವ ವಾಸಿಯಾಗೋದು ಬೇಡ್ವೇನೋ?"

"ಭಾವ ವಾಸಿಯಾಗ್ಲಿ ಅಕ್ಕ, ಯಾರು ಬೇಡ ಅಂದ್ರು? ಅಂಗಡಿ ನಾನು ನೋಡ್ಕೋತೀನಿ ಅಷ್ಟೆ."

"ಅಂಗಡಿ? ಅಂಗಡಿ ಮಾತು ಇಲ್ಲಿಗ್ಯಾಕೆ ಬಂತು?"

"ಟೇಪು ಹಿಡ್ಕೊಂಡು ಅಳತೆ ತೆಗೆದಾಗಲೇ ಬಂತು ಅತ್ತೆ!" ಎಂದಳು ಇಸ್ತ್ರಿ ಅಂಗಡಿಯಾಕೆ ಕಿಟಕಿಯಿಂದ. "ನಾನೇ ನೋಡ್ದೆ!"

ಅಕ್ಕ ತಮ್ಮನ ಮಾತು ಹೀಗೆ ಬೆಳೆಯುತ್ತ, ಚಿಕ್ಕಂದಿನಲ್ಲಿ ಮುರಿದ ಒಂದು ಬೊಂಬೆಯವರೆಗೆ ಹೋಯಿತು. ಬೀದಿ ಎರಡು ಪಕ್ಷವಾಯಿತು. ಡಾಕ್ಟರಮ್ಮ ಮೇಜು ಬಡಿದರು.

"ಸಾಕು! ಆ ಪತ್ರ ಕೊಡಿ. ಓದಿ ತೀರ್ಮಾನ ಹೇಳ್ತೀನಿ."

ಎಲ್ಲರೂ ಹಾಸಿನ ಕಡೆ ತಿರುಗಿದರು. ಮಾವ ಅಲ್ಲಿ ದಬ್ಬಣದ ದಾರಕ್ಕೆ ಕೊನೆಯ ಗಂಟು ಹಾಕುತ್ತಿದ್ದರು. ಜಗಳ ನಡೆಯುವಾಗ ಸುಮ್ಮನೆ ನಿಲ್ಲುವುದೇಕೆಂದು, ಬಿಚ್ಚಿದ ಹೊಲಿಗೆಯನ್ನು ಮುಚ್ಚಿ ಮುಗಿಸಿದ್ದರು. ಕೆಲಸ ಅಚ್ಚುಕಟ್ಟಾಗಿತ್ತು. ಸೊಂಟದಿಂದ ಒಂದು ದಾರ ಹೊರಟು ಹಸಿರು ರೆಕ್ಸಿನ್ನಿನ ಒಳಗೆ ಹೋಗಿತ್ತು. ಕತ್ತರಿ ಅದರ ಇನ್ನೊಂದು ತುದಿಯಲ್ಲಿರಬೇಕು.

"ಪತ್ರ?" ಎಂದರು ಡಾಕ್ಟರಮ್ಮ.

"ಇಲ್ಲೇ ಇತ್ತಲ್ಲ," ಎಂದರು ಮಾವ, ಮೇಜಿನ ಮೇಲೆ, ನೆಲದ ಮೇಲೆ, ಭಾಮೈದನ ಜೇಬಿನ ಮೇಲೆ ನೋಡುತ್ತ.

ಡಾಕ್ಟರಮ್ಮ ಹಾಸಿನ ಮೇಲೆ ಅಂಗೈ ಒತ್ತಿದರು. ಪಟಪಟ ಎಂದಿತು.

ಆಮೇಲೆ ಅವರು ಲೆಟರ್‌ಹೆಡ್ ಮೇಲೆ ಒಂದು ಸಾಲು ಬರೆದು ಮೊಹರು ಒತ್ತಿದರು: ಇವರು ಎಂದಿನಂತೆಯೇ ಇದ್ದಾರೆ. ಅದನ್ನು ಮಾವನ ಕೈಗೆ ಕೊಡಲಿಲ್ಲ, ಅತ್ತೆಯ ಕೈಗೆ ಕೊಟ್ಟರು. ಹೊರಗೆ ಬೀದಿಯವರು ಚಪ್ಪಾಳೆ ತಟ್ಟಿದರು. ಮಾವ ಅವರಿಗೆ ಕೈಮುಗಿದು, ಡಾಕ್ಟರಮ್ಮನ ಛತ್ರಿ ತೆಗೆದುಕೊಂಡು ಮನೆಗೆ ಹೋದರು.

ಮುಂದಿನ ವಾರ ಗಂಡ ಹೆಂಡತಿ ವಕೀಲರ ಕಚೇರಿಗೆ ಹೋದರು. ಈ ಬಾರಿ ನಡೆದುಕೊಂಡು ಹೋದರು. ಟ್ರಸ್ಟ್ ರದ್ದು ಮಾಡಲು ಏನು ಮಾಡಬೇಕೆಂದು ಮಾವ ಅಂಜುತ್ತ ಕೇಳಿದರು.

"ಒಂದು ಕಾಗದ ಬರೆದು ನೋಂದಾಯಿಸಿದ್ರೆ ಆಯ್ತು," ಎಂದರು ವಕೀಲರು. "ನಿಮ್ಮ ಟ್ರಸ್ಟು. ಬುದ್ಧಿ ಸ್ಥಿಮಿತದಲ್ಲಿರೋವರೆಗೂ ಯಾವಾಗ ಬೇಕಾದ್ರೂ ರದ್ದು ಮಾಡಬಹುದು, ಹೆಸರು ಬದಲಾಯಿಸಬಹುದು."

"ಇದನ್ನ ಅವತ್ತೇ ಹೇಳಬಾರದಿತ್ತಾ?"

"ಹೇಳಿದ್ದೆ. ನೀವು ಕುರ್ಚಿ ಕೆಳಗಿದ್ರಿ."

ಟ್ರಸ್ಟ್ ರದ್ದಾಯಿತು. ಒಂದೇ ಪುಟದ ವಿಲ್ ತಯಾರಾಯಿತು. ಎಲ್ಲ ಹೆಂಡತಿಗೆ, ಅವರಿಲ್ಲದಿದ್ದರೆ ಮಗಳಿಗೆ; ಅದನ್ನು ಜಾರಿ ಮಾಡುವ ಹೊಣೆಯೂ ಹೆಂಡತಿಯದೇ. ಡಾಕ್ಟರಮ್ಮ ಮತ್ತು ಇಸ್ತ್ರಿ ಅಂಗಡಿಯಾಕೆ ಸಾಕ್ಷಿ ಹಾಕಿದರು. ಭಾಮೈದ ಕೆಲವು ದಿನ ಮುನಿಸಿಕೊಂಡಿದ್ದು, ಕಾರಿನ ಸೀಟು ಹರಿದಾಗ ಅಂಗಡಿಗೆ ಬಂದ. ಮಾವ ಸೀಟು ಚೆನ್ನಾಗಿ ಮಾಡಿಕೊಟ್ಟರು. ಹಳೆಯ ಪತ್ರವನ್ನು ಹೊರತೆಗೆಯುವುದು ಬೇಡವೆಂದು ಅತ್ತೆಯೇ ಹೇಳಿದರು. ಕ್ಲಿನಿಕ್ಕಿನ ಹಾಸು ಈಗಲೂ ಸದ್ದು ಮಾಡುತ್ತದೆ.

ವಿಲ್ಲನ್ನು ಅತ್ತೆ ತಮ್ಮ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈಯನ್ನು ಮೊಳೆಗೆ ನೇತುಹಾಕಲು ಮಾವನ ಕೈಗೆ ಕೊಟ್ಟರು. ಮಾವ ಆಗ ದಂತವೈದ್ಯರ ಕುರ್ಚಿಯ ಕೆಲಸ ಮುಗಿಸುತ್ತಿದ್ದರು. ಕುರ್ಚಿ ಅಂದೇ ಸಂಜೆ ದಂತವೈದ್ಯರ ಕ್ಲಿನಿಕ್ ಸೇರಿತು. ಬೀಗದ ಕೈ ಇನ್ನೂ ಸಿಕ್ಕಿಲ್ಲ.